ದಾರಿಯಲ್ಲೇ ಉಳಿದ ‘ಅಲ್ಲ’

ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿಯಾಜನ ಸೌಂಡ್ ಸರ್ವಿಸ್ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಕೈ ಹಿಡಿದು ತೋರಿಸುತ್ತಾರೆ. ಮದುವೆಯಿರಲಿ, ಭಾಷಣವಿರಲಿ, ಮೈಕು ಅವನದೇ. ಅವನ ಹೆಂಡತಿ ಸಾಬೀರಾ ಅದೇ ಅಂಗಡಿಯ ಅಟ್ಟದ ಮೇಲೆ ಕೂತು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುತ್ತಾಳೆ ಎಂದರೆ ಮಾತ್ರ ಜನ ಹುಬ್ಬೇರಿಸುತ್ತಾರೆ. ಆಮೇಲೆ, “ಹಂಗಂದ್ರ ಆಧಾರ ಕಾರ್ಡ ತಿದ್ದತಾಳೇನ್ರಿ?” ಎಂದು ಕೇಳುತ್ತಾರೆ. ಇಲ್ಲ ತಂದೆ, ಅವಳು ಆಧಾರ ಕಾರ್ಡು ತಿದ್ದುವವಳಲ್ಲ.

ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿದವಳು ಸಾಬೀರಾ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಂಡನ ಆಂಪ್ಲಿಫೈಯರು ಗೊರಗೊರ ಎಂದರೆ ಅವನ ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಂಡು ತಾನೇ ಬಿಚ್ಚಿ ಕೂರುವಳು. ಅವಳ ಕೆಲಸದಲ್ಲಿ ತಪ್ಪಿದೆ ಎಂದು ಬೆರಳು ತೋರಿಸಿ ಬಚಾವಾದವರು ಸಿಂದಗಿಯಲ್ಲಿ ಇರಲಿಲ್ಲ. ಅಂಥ ಹೆಣ್ಣುಮಗಳು ಹೋದ ಮಳೆಗಾಲದಿಂದ ಮೆತ್ತಗಾಗಿಬಿಟ್ಟಿದ್ದಳು. “ಮೈಯಾಗ ಹುಷಾರಿಲ್ಲೇನು?” ಎಂದು ಕೇಳಿ ಕೇಳಿ ನಿಯಾಜನಿಗೂ ಸಾಕಾಗಿತ್ತು.

ನಡೆದದ್ದು ಹೀಗೆ. ತಾಂಬಾದಿಂದ ಆಚೆ ಒಂದು ಹಳ್ಳಿ. ಊರಿಗೂ ಹೊಲಗಳಿಗೂ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ತಗ್ಗು ಸೇತುವೆ. ಮೇಲೆ ಎಲ್ಲೋ ಮಳೆ ಸುರಿದರೆ, ಇಲ್ಲಿ ರಣಬಿಸಿಲು ಇರುವಾಗಲೇ ನೀರು ನುಗ್ಗಿ ಬಂದು ಸೇತುವೆಯನ್ನು ಮುಚ್ಚುತ್ತದೆ. ಅದಕ್ಕೇ ಊರವರು ಸೇತುವೆಯ ದಡದಲ್ಲಿ ಕಂಬ ನೆಟ್ಟು ಮೈಕು ಹಾಕಿಸಬೇಕು, ಊರೊಳಗಿನಿಂದ ಬರೆದು ಕಳಿಸಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳಬೇಕು ಎಂದು ನಿಯಾಜನ ಹತ್ತಿರ ಬಂದರು. ಮೈಕು ಗಂಡ ಹಾಕಿದ, ಅದರೊಳಗೆ ಮಾತು ಹಾಕಿದವಳು ಹೆಂಡತಿ.

ಊರೊಳಗಿನ ಕಂಪ್ಯೂಟರಿನಲ್ಲಿ ಬರೆದು ಕಳಿಸುವ ಕೆಲಸ ಸಿದ್ದಾರೂಢ ಮಾಸ್ತರರಿಗೆ ಬಂತು. ಕನ್ನಡ ಸಾಲಿ ಮಾಸ್ತರರು, ರಿಟೈರಾಗಿ ಮನೆಯಲ್ಲಿದ್ದವರು. ಅರ್ಧ ಊರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ವ್ಯಾಕರಣ ಕಲಿತಿತ್ತು. ‘ನೀರು ಬಂತು, ಹುಷಾರು’ ಎಂದಷ್ಟೇ ಬರೆದರೆ ಸಾಕು ಎಂದು ಸಾಬೀರಾ ಹೇಳಿಕೊಟ್ಟಾಗ ಮಾಸ್ತರರು ಕನ್ನಡಕದ ಮೇಲಿಂದ ನೋಡಿ, “ಅದು ಒದರೂದು ಆತವಾ. ವಾಕ್ಯ ಅಂದ್ರ ಪೂರಾ ಇರಬೇಕು” ಎಂದಿದ್ದರು. ಸಾಬೀರಾ ನಕ್ಕಿದ್ದಳು. ಅವರು ಬರೆದುದನ್ನು ಕಳಿಸಿದ ಕೂಡಲೇ ಪರದೆ ಖಾಲಿಯಾಗುವಂತೆ, ವಯಸ್ಸಾದವರಿಗೆ ತೊಡಕಾಗದಿರಲೆಂದು, ಅವಳೇ ಮಾಡಿಕೊಟ್ಟಿದ್ದಳು.

ಈಗ ಸಾಕೆಟ್ಟಿನ ಮಾತು. ಹೆದರುವಂಥದ್ದೇನಿಲ್ಲ, ಬೇಗ ಮುಗಿಯುತ್ತದೆ. ಎರಡು ಕಂಪ್ಯೂಟರುಗಳು ದೂರದಿಂದ ಮಾತಾಡಬೇಕಾದರೆ ಎರಡೂ ಕಡೆ ಒಂದೊಂದು ಬಾಗಿಲು ಬೇಕು. ಅದೇ ಸಾಕೆಟ್ಟು. ಆ ಕಡೆಯವರು ಕಳಿಸಿದ್ದನ್ನು ಈ ಕಡೆಯ ಪ್ರೋಗ್ರಾಮು ‘ರಿಸೀವ್’ ಎಂದು ಕೇಳಿ ಬರಮಾಡಿಕೊಳ್ಳಬೇಕು. ಬರುತ್ತಿರುವುದು ಮಾಸ್ತರರ ವಾಕ್ಯ, ಅದಕ್ಕೊಂದು ಕೊನೆಯಿದೆ ಎಂದು ಬಾಗಿಲಿಗೇನು ಗೊತ್ತು? ಅದರ ಪಾಲಿಗೆ ಎಲ್ಲವೂ ಬರೀ ಬೈಟು ಎಂಬ ಚಿಕ್ಕ ಚಿಕ್ಕ ಚೂರುಗಳ ಹರಿವು. ಒಮ್ಮೆ ಕೇಳಿದರೆ ಆ ಹೊತ್ತಿಗೆ ಎಷ್ಟು ಬಂದು ಮುಟ್ಟಿದೆಯೋ ಅಷ್ಟನ್ನು ಕೊಡುತ್ತದೆ. ಪೂರ್ತಿಯೂ ಇರಬಹುದು, ಅರ್ಧವೂ ಇರಬಹುದು. ಕೊನೆ ಮುಟ್ಟುವ ತನಕ ಮತ್ತೆ ಮತ್ತೆ ಕೇಳುತ್ತಿರಬೇಕಾದದ್ದು ಪ್ರೋಗ್ರಾಮು ಬರೆದವರ ಕೆಲಸ.

ಇದು ಸಾಬೀರಾಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಅಟ್ಟದ ಮೇಲೆ ಎರಡು ಕಂಪ್ಯೂಟರು ಪಕ್ಕಪಕ್ಕ ಇಟ್ಟು, ಬೇಗ ಮುಗಿಯಲೆಂದು ಇಂಗ್ಲಿಷಿನಲ್ಲಿ ‘ನೋ ಕ್ರಾಸಿಂಗ್’ ಎಂದು ಕಳಿಸಿ ನೋಡಿದಾಗ ಪ್ರತಿ ಸಲವೂ ಪೂರ್ತಿ ಬಂತು. ಸರಿಯಾಗಿದೆ ಎಂದು ಒಂದೇ ಒಂದು ಸಲ ‘ರಿಸೀವ್’ ಬರೆದು ಬಾಗಿಲು ಹಾಕಿಸಿಬಿಟ್ಟಳು. ಇಂಗ್ಲಿಷಿನವರ ‘ನೋ’ ಮುಂದೆಯೇ ನಿಂತಿರುತ್ತದೆ. ನಮ್ಮ ‘ಅಲ್ಲ’ ವಾಕ್ಯದ ಬಾಲದಲ್ಲಿ ಬರುತ್ತದೆ. ಮೇಲಾಗಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟು, ಇಂಗ್ಲಿಷಿಗೆ ಒಂದು. ಉದ್ದ ಹೆಚ್ಚಾದಷ್ಟೂ ನಡುದಾರಿಯಲ್ಲಿ ತುಂಡಾಗುವ ಭಯ ಹೆಚ್ಚು. ಕನ್ನಡದ ಮೈಕಿಗೆ ಕನ್ನಡದಲ್ಲೇ ಪರೀಕ್ಷೆ ಮಾಡಬೇಕೆಂದು ಕನ್ನಡದ ಹೆಣ್ಣುಮಗಳಿಗೇ ಹೊಳೆಯಲಿಲ್ಲ.

ಹೊಳೆಯಲಿಲ್ಲ ಎಂದರೂ ಪೂರ್ತಿ ನಿಜವಲ್ಲ. ಅವಳನ್ನು ಒಳಗೊಳಗೇ ಚುಚ್ಚುವುದು ಇದೇ. ಕಂಬ ನೆಟ್ಟ ಹೊಸತರಲ್ಲಿ ಒಮ್ಮೆ ಮೈಕು ಮಾತಿನ ಕೊನೆಗೆ ಕಿರ್ ಎಂದು ಕಿರುಚಿತ್ತು. ಅಕ್ಷರದ ಮೂರು ಬೈಟಿನಲ್ಲಿ ಎರಡೇ ಬಂದಿದ್ದವು. ಓದಲಾಗದೆ ಯಂತ್ರ ಒದ್ದಾಡಿತ್ತು. ಉಳಿದರ್ಧ ಎಲ್ಲಿ ಹೋಯಿತು ಎಂದು ಅವಳು ಆಗ ಕೇಳಿಕೊಳ್ಳಬೇಕಿತ್ತು. ಅದರ ಬದಲು, ಮುರಿದ ಅಕ್ಷರ ಬಂದರೆ ಸುಮ್ಮನೆ ಎಸೆದುಬಿಡು ಎಂದು ಒಂದು ಸಾಲು ಸೇರಿಸಿದಳು. ಕಿರುಚುವುದು ನಿಂತಿತು. ಅವತ್ತು ಮನೆಯಲ್ಲಿ ಮದುವೆಗೆ ಹೊರಡುವ ಗಡಿಬಿಡಿ ಬೇರೆ ಇತ್ತು.

ಆಮೇಲೆ ಆ ಮಧ್ಯಾಹ್ನ ಬಂತು. ಮೇಲಿನ ಊರಿನವರು ಫೋನು ಮಾಡಿ ನೀರು ಹೊರಟಿದೆ ಎಂದರು. ಮಾಸ್ತರರು ಕನ್ನಡಕ ಏರಿಸಿ ಬರೆದರು: ‘ಗ್ರಾಮಸ್ಥರಲ್ಲಿ ವಿನಂತಿ. ಈ ಸಂಜೆಯವರೆಗೆ ದನಕರುಗಳನ್ನು ಹೊಡೆದುಕೊಂಡು ಹಳ್ಳದ ಸೇತುವೆಯನ್ನು ದಾಟುವುದು ಸುರಕ್ಷಿತ ಅಲ್ಲ.’ ಕಳಿಸಿದರು, ಪರದೆ ಖಾಲಿಯಾಯಿತು. ಮೋಡ ಕವಿದು ಮೊಬೈಲ್ ಸಿಗ್ನಲ್ಲು ಬಿಟ್ಟು ಬಿಟ್ಟು ಬರುತ್ತಿತ್ತು. ಕಂಬದ ಬಾಗಿಲಿಗೆ ವಾಕ್ಯದ ಬಹುಪಾಲು ಮೊದಲು ಬಂದು ಮುಟ್ಟಿತು. ಪ್ರೋಗ್ರಾಮು ಅಷ್ಟನ್ನೇ ತೆಗೆದುಕೊಂಡು ಬಾಗಿಲು ಹಾಕಿತು. ತುದಿಯಲ್ಲಿ ಮುರಿದು ಬಂದ ‘ಅ’ವನ್ನು, ಅವಳು ಹೇಳಿಕೊಟ್ಟಂತೆಯೇ, ಎಸೆಯಿತು. ಮೈಕು ಗಂಭೀರವಾಗಿ, ಸ್ಪಷ್ಟವಾಗಿ, ಸೇತುವೆಯನ್ನು ದಾಟುವುದು ಸುರಕ್ಷಿತ ಎಂದು ಹೊಲಹೊಲಕ್ಕೂ ಕೇಳುವಂತೆ ಸಾರಿತು.

ಅದೇ ಊರಿನ ರುಕ್ಮವ್ವ ಆಚೆ ದಡದ ಹೊಲದಲ್ಲಿದ್ದಳು. ಎಮ್ಮೆ ಬಿಚ್ಚಿಕೊಂಡು ಬೇಗ ಮನೆ ಸೇರೋಣವೆಂದು ಎದ್ದವಳು ಮೈಕಿನ ಮಾತು ಕೇಳಿ ನೆಮ್ಮದಿಯಿಂದ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಹೊರಟಳು. ನಡುಸೇತುವೆಯಲ್ಲಿ ನೀರು ಬಂದು ಹೊಡೆಯಿತು. ಎಮ್ಮೆ ಹೋಯಿತು. ಕಟ್ಟೆಯ ಕಲ್ಲು ಅಪ್ಪಿಕೊಂಡಿದ್ದ ರುಕ್ಮವ್ವನನ್ನು ಜನ ಹಗ್ಗ ಎಸೆದು ಎಳೆದುಕೊಂಡರು. ಜೀವ ಉಳಿಯಿತು, ಬಲಗೈ ಮುರಿಯಿತು. ಆ ಕೈಗೆ ಇವತ್ತಿಗೂ ರೊಟ್ಟಿ ಬಡಿಯಲು ಬರುವುದಿಲ್ಲ.

ಜನ ಮಾಸ್ತರರ ಮನೆ ಮುಂದೆ ಕೂಡಿದರು. “ಮಾಸ್ತರರ, ಕಡೀಕ ‘ಅಲ್ಲ’ ಅನ್ನೂದು ಬರದಿರೇನ್ರಿ?” ಎಂದು ಕೇಳಿದರು. “ಬರದೇನಿ” ಎಂದರು ಮಾಸ್ತರರು. ಸಂಜೆಗೆ “ಬರದೇನಿ ಅನಸ್ತೈತಿ” ಎಂದರು. ಮರುದಿನ “ಬರದಿಲ್ಲ ಕಾಣತೈತಿ” ಎಂದರು. ಯಾರೂ ಬೈಯಲಿಲ್ಲ. ವಯಸ್ಸಾಯಿತು ಪಾಪ ಎಂದು ಎದ್ದು ಹೋದರು. ಬೈದಿದ್ದರೆ ಮುದುಕನಿಗೆ ಜಗಳವಾಡಲಾದರೂ ಬರುತ್ತಿತ್ತು.

ನಿಯಾಜ ಹೋಗಿ ಕಂಬ ಹತ್ತಿ ನೋಡಿ ಬಂದ. “ಮೈಕ್ ಬರೋಬ್ಬರಿ ಐತಿ. ಮಾಸ್ತರರ ಮರತಾರಂತ” ಎಂದ. ಸಾಬೀರಾ ಅಟ್ಟ ಹತ್ತಿ ತನ್ನ ಪ್ರೋಗ್ರಾಮು ತೆರೆದಳು. ಆ ಒಂದೇ ಒಂದು ‘ರಿಸೀವ್’ ಕಣ್ಣಿಗೆ ಬಿದ್ದೊಡನೆ ಮಾಸ್ತರರು ಮರೆತಿರಲಿಲ್ಲ ಎಂದು ಗೊತ್ತಾಯಿತು. ವಾಕ್ಯ ಮುಗಿದ ಗುರುತು ಸಿಗುವ ತನಕ ಕೇಳುತ್ತಲೇ ಇರುವಂತೆ ತಿದ್ದಿದಳು. ಹಳೆಯದರ ಮೇಲೆ ಹೊಸದನ್ನು ಇಲ್ಲಿಂದಲೇ ಕಂಬಕ್ಕೆ ಏರಿಸಿದಳು.

“ಏನ ಮಾಡಾಕತ್ತಿ?” ಎಂದು ಕೆಳಗಿನಿಂದ ನಿಯಾಜ ಕೂಗಿದ.

“ಏನಿಲ್ಲ. ಸಣ್ಣದೊಂದು ಬದಲಾವಣಿ” ಎಂದಳು.

ಅಷ್ಟೇ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂದಾಗ ಗಂಡನ ಅಂಗಡಿಯ ಹೆಸರು ಹೋಗುತ್ತದೆ ಎಂದುಕೊಂಡಳು. ದಸರೆ ಹೋಯಿತು, ದೀಪಾವಳಿ ಹೋಯಿತು. ನಿಯಾಜ ಆ ಕಡೆ ಹೋಗಿ ಬಂದಾಗಲೆಲ್ಲ ಸುದ್ದಿ ತರುತ್ತಿದ್ದ. ಮಾಸ್ತರರು ರುಕ್ಮವ್ವನ ಕಾಲು ಹಿಡಿದು ಅತ್ತರಂತೆ. ಪೇಪರು ಓದುವುದನ್ನು ಬಿಟ್ಟರಂತೆ. ತಲೆ ಕೆಟ್ಟಿದೆಯೋ ಏನೋ ಎಂದು ವಿಜಯಪುರದ ಡಾಕ್ಟರ ಹತ್ತಿರ ಹೋಗಿ ಬಂದರಂತೆ. ಡಾಕ್ಟರು ಏನೂ ಆಗಿಲ್ಲ ಎಂದರೂ ನಂಬಲಿಲ್ಲವಂತೆ. ಸಾಬೀರಾಗೆ ಯಾರದೋ ತಲೆಯನ್ನು ತಾನು ಕದ್ದು ಇಟ್ಟುಕೊಂಡಿದ್ದೇನೆ ಎನ್ನಿಸಿ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕೈಯಲ್ಲಿದ್ದ ವೈರು ಕೆಳಗಿಟ್ಟು, “ಹೋಗು, ಹೇಳಿ ಬಾ. ಅಂಗಡಿ ಹೋದ್ರ ಹೋಗಲಿ” ಎಂದ. ಎರಡೂ ಕಂಪ್ಯೂಟರು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು, ಸೊರಗಿದ್ದರು. ಅವರ ಹೆಂಡತಿ ಸುಮಿತ್ರಾಬಾಯಿ ಚಹಾ ತಂದಿಟ್ಟಳು. ಸಾಬೀರಾ ಲೋಟ ಮುಟ್ಟದೆ ಒಂದೇ ಉಸಿರಿಗೆ ಹೇಳಿದಳು.

“ಮಾಸ್ತರರ, ಅವತ್ತ ನೀವು ‘ಅಲ್ಲ’ ಬರದಿದ್ರಿ. ಮೈಕಿಗೆ ಮುಟ್ಟಲಿಲ್ಲ. ನಾ ಬರದ ಪ್ರೋಗ್ರಾಮಿನಾಗ ತಪ್ಪಿತ್ತರಿ. ಪೂರಾ ಬರೂಮಟ ಕೇಳೂದ ಬಿಟ್ಟು ಅರ್ಧಕ್ಕ ಬಾಗಿಲ ಹಾಕತಿತ್ತು. ಗೊತ್ತಿದ್ದೂ ನಾ ಬಾಯಿ ಬಿಡಲಿಲ್ಲರಿ.”

ಮಾಸ್ತರರು ಅವಳನ್ನೇ ನೋಡಿದರು. ಮುಖದಲ್ಲಿ ಸಿಟ್ಟು ಬರಲೆಂದು ಸಾಬೀರಾ ಕಾದಳು. ಬರಲಿಲ್ಲ.

“ಈಗ ಪೂರಾ ಹೇಳತೈತೆಲ್ಲವಾ ಮೈಕು?”

“ತಿದ್ದೇನ್ರಿ. ತಿದ್ದಿ ಸುಮ್ಮನಾಗಿದ್ದೆ. ಹಳೇದನ್ನ ಈಗ ತೋರಸ್ತೇನಿ, ನೋಡ್ರಿ.”

ಎರಡೂ ಕಂಪ್ಯೂಟರು ಪಡಸಾಲೆಯಲ್ಲಿ ಹೂಡಿದಳು. ಆ ಕೆಟ್ಟ ಸಾಲನ್ನು ಮೊದಲಿದ್ದಂತೆಯೇ ಬರೆದಳು. ಅವತ್ತಿನ ವಾಕ್ಯವನ್ನೇ ಬರೆಯಿರಿ ಎಂದು ಮಾಸ್ತರರ ಮುಂದೆ ಒಂದನ್ನು ಇಟ್ಟಳು. ಅವರು ಒಂದೊಂದೇ ಅಕ್ಷರ ಒತ್ತಿ, ಎರಡೆರಡು ಸಲ ಓದಿ, ಕಳಿಸಿದರು. ಇನ್ನೊಂದು ಕಂಪ್ಯೂಟರು ಬಾಯಿ ಬಿಟ್ಟು, ದಾಟುವುದು ಸುರಕ್ಷಿತ ಅಲ್ಲ ಎಂದು ಸ್ವಚ್ಛವಾಗಿ ಓದಿತು.

ಮತ್ತೆ ಕಳಿಸಿದರು. ಮತ್ತೆ ಪೂರ್ತಿ ಬಂತು. ಎಷ್ಟು ಸಲ ಕಳಿಸಿದರೂ ಪೂರ್ತಿಯೇ. ಪಕ್ಕಪಕ್ಕ ಇಟ್ಟ ಯಂತ್ರಗಳ ನಡುವೆ ವಾಕ್ಯ ತುಂಡಾಗಲು ದಾರಿಯೇ ಇರಲಿಲ್ಲ. ಅಟ್ಟದ ಮೇಲೆ ಅವಳನ್ನು ನಂಬಿಸಿ ಕೆಡಿಸಿದ್ದೂ ಇದೇ. ಸಾಬೀರಾ ಕೊನೆಗೆ ತಾನೇ ಬೈಟುಗಳನ್ನು ಎಣಿಸಿ, ಇಷ್ಟೇ ತೆಗೆದುಕೋ ಎಂದು ಅಳತೆ ಕಡಿಮೆ ಮಾಡಿ ಕಳಿಸಿದಳು. ‘ಅಲ್ಲ’ ಬಿದ್ದುಹೋಯಿತು.

“ಕೇಳಿದಿರೇನ್ರಿ? ಹಿಂಗ ಆಗಿತ್ತರಿ ಅವತ್ತು.”

ಮಾಸ್ತರರು ಮೆಲ್ಲಗೆ ನಕ್ಕರು. “ಈಗ ನೀನ ಕತ್ತರಿ ಹಾಕಿದೆಲ್ಲವಾ.” ಹೆಂಡತಿಯ ಕಡೆ ತಿರುಗಿದರು. “ನೋಡಿದೇನ, ನಾ ಬರದಾಗೊಮ್ಮೆ ಬರೋಬ್ಬರಿ ಹೇಳ್ತು. ಮುದುಕನ ಮನಸ್ಸು ಹಗುರ ಆಗಲಿ ಅಂತ ಸಿಂದಗಿಯಿಂದ ಹೊತಗೊಂಡು ಬಂದೈತಿ ಕೂಸು. ಪಾಪ, ಸುಳ್ಳ ಹೇಳಾಕ ಸೈತ ಬರಂಗಿಲ್ಲ ಇದಕ್ಕ.”

“ಸುಳ್ಳಲ್ಲರಿ. ಖುದಾನಾಣಿ ಸುಳ್ಳಲ್ಲರಿ ಮಾಸ್ತರರ. ತಪ್ಪು ನಂದರಿ.”

“ಆತವಾ, ಆತು.”

ಸುಮಿತ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ನಿನ್ನಂಥ ಮಗಳು ನಮಗಿರಬೇಕಿತ್ತು ಎಂದಳು. ಅದನ್ನು ಕೇಳಿ ಸಾಬೀರಾಗೆ ತಡೆಯಲಾಗಲಿಲ್ಲ, ದುಃಖ ಉಕ್ಕಿ ಬಂದು ಗಟ್ಟಿಯಾಗಿ ಅತ್ತುಬಿಟ್ಟಳು. ಮಾಸ್ತರರು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಸಮಾಧಾನ ಮಾಡತೊಡಗಿದರು.

“ತಪ್ಪು ಮಾಡಿದಾಂವ ನಾನು. ನೀ ಯಾಕ ಅಳ್ತಿ ಯವ್ವಾ?”