ಪೈಪಕ್ಕ ಬಳಿದ ನಕ್ಷತ್ರಗಳು

ಬೆಳಗಿನ ಜಾವ ಚಿಕ್ಕಮ್ಮನ ಮನೆಯಲ್ಲಿ ಮೊದಲು ಏಳುವುದು ಗೋಡೆ. ಮನೆ ಇರುವುದು ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಾಯ್ಲರ್ ಕೋಣೆಗೆ ಬೆನ್ನು ಕೊಟ್ಟುಕೊಂಡು. ಬಾಯ್ಲರ್ ಹೊತ್ತಿಕೊಂಡು ಬಿಸಿನೀರು ಹರಿಯತೊಡಗಿದ ಕೂಡಲೇ ಗೋಡೆಯೊಳಗಿನ ಕಬ್ಬಿಣದ ಪೈಪುಗಳು ಮೈ ಮುರಿಯುತ್ತವೆ. ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಆಮೇಲೆ ಯಾರೋ ಬೆರಳಿನ ನೆಟಿಕೆ ತೆಗೆದಂತೆ ಒಂದರ ಹಿಂದೊಂದು. ಚಿಕ್ಕಮ್ಮ ಹೊದಿಕೆಯೊಳಗಿನಿಂದಲೇ ಹೇಳುತ್ತಾಳೆ, "ನೀರು ಈಗ ಹೆರಿಗೆ ವಾರ್ಡಿಗೆ ಹೋಯ್ತು." ಇನ್ನೊಂದು ಟಿಕ್. "ಈಗ ಅಡುಗೆಮನೆ."

ಅವಳು ಹೇಳಿದರೆ ಸರಿಯೇ ಇರಬೇಕು. ಆ ಆಸ್ಪತ್ರೆಯ ಪೈಪುಗಳಿಗೆಲ್ಲ ಬಣ್ಣ ಬಳಿದವಳು ಅವಳೇ. ಬಿಸಿನೀರಿನದಕ್ಕೆ ಕೆಂಪು, ತಣ್ಣೀರಿನದಕ್ಕೆ ನೀಲಿ, ಗ್ಯಾಸಿನದಕ್ಕೆ ಹಳದಿ. ನೆಲಮಾಳಿಗೆಯ ಉದ್ದನೆಯ ಓಣಿಗಳಲ್ಲಿ, ತಲೆಗೆ ತಾಗುವ ಸೂರಿನಡಿ, ಕುತ್ತಿಗೆ ಎತ್ತಿ ಎತ್ತಿ ಹಚ್ಚಿದ ಬಣ್ಣ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲಿನ ತುದಿ ಸಿಪ್ಪೆ ಏಳುತ್ತಿತ್ತು. ಹಾಗಾಗಿ ಅವಳ ಕೆಲಸ ಯಾವತ್ತೂ ಮುಗಿದದ್ದಿಲ್ಲ. ಆಸ್ಪತ್ರೆಯವರು ಅವಳಿಗಿಟ್ಟ ಹೆಸರು ಪೈಪಕ್ಕ. ನರ್ಸುಗಳಿಗೂ ಪೈಪಕ್ಕ, ದೊಡ್ಡ ಡಾಕ್ಟರಿಗೂ ಪೈಪಕ್ಕ.

"ಬಣ್ಣ ತಪ್ಪಿದ್ರೆ ಯಾರದೋ ಕೈ ಸುಡುತ್ತೆ" ಎನ್ನುವುದು ಅವಳ ಒಂದೇ ಪಾಠ. ಹೊಸಬ ಯಾರಾದರೂ ಬ್ರಷ್ಷನ್ನು ಸರಿಯಾಗಿ ತೊಳೆಯದೆ ನೀಲಿಯಲ್ಲಿ ಅದ್ದಿದರೆ ಆ ದಿನ ಅವನ ಕಥೆ ಮುಗಿಯಿತು. ಬೈಯುತ್ತಿರಲಿಲ್ಲ. "ಬಣ್ಣ ತಪ್ಪಿದೆ" ಎಂದಷ್ಟೇ ಹೇಳಿ, ತಾನೇ ಒರೆಸಿ ತಾನೇ ಬಳಿಯುತ್ತಿದ್ದಳು. ಬೈಸಿಕೊಂಡಿದ್ದರೇ ವಾಸಿ ಎಂದು ಅವರೆಲ್ಲ ಹೇಳುತ್ತಿದ್ದರು.

ಆಸ್ಪತ್ರೆಗೆ ಪ್ಲಾಸ್ಟಿಕ್ ಪೈಪುಗಳು ಬರತೊಡಗಿದವು. ಅವು ಹುಟ್ಟುವಾಗಲೇ ಕೆಂಪು, ಹುಟ್ಟುವಾಗಲೇ ನೀಲಿ. ಚಿಕ್ಕಮ್ಮನನ್ನು ಯಾರೂ ತೆಗೆದುಹಾಕಲಿಲ್ಲ, ಕರೆಯುವುದನ್ನು ಕಡಿಮೆ ಮಾಡಿದರು ಅಷ್ಟೆ. ಬಿಡುವಾದಾಗ ಅವಳು ನಮ್ಮ ಮನೆಯ ಕಿಟಕಿಗಳಿಗೂ ಮೇಜಿನ ಕಾಲುಗಳಿಗೂ ಬಣ್ಣ ಹಚ್ಚಿದಳು. ಒಂದು ಸಂಜೆ ಬಾಗಿಲ ಚೌಕಟ್ಟಿಗೆ ಒರಗಿ, ಯಾರಿಗೂ ಅಲ್ಲವೆಂಬಂತೆ ಅಂದಳು, "ಇಷ್ಟು ಬಳಿದೆ. ಒಬ್ಬರಾದ್ರೂ ನಿಂತು ನೋಡಿದ್ದಿಲ್ಲ. ಪೈಪ್ ಯಾರು ನೋಡ್ತಾರೆ? ಸಾಯೋದ್ರೊಳಗೆ ಜನ ನಿಂತು ನೋಡೋ ಅಂಥದ್ದು ಒಂದು ಬಳೀಬೇಕು."

"ಕನ್ನಡಿಗೆ ಬಳಿ. ಎಲ್ರೂ ನಿಂತು ನೋಡ್ತಾರೆ" ಅಂದಳು ಅಮ್ಮ. ಅಮ್ಮ ಅವಳ ಅಕ್ಕ. ತಂಗಿಯ ಆಸೆಗಳಿಗೆ ತಣ್ಣೀರೆರಚುವ ಕೆಲಸವನ್ನು ಚಿಕ್ಕಂದಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ.

ಅಂಥದ್ದೊಂದು ಗೋಡೆ ಚಿಕ್ಕಮ್ಮನಿಗೆ ಸಿಕ್ಕಿದ್ದು ದಾರಿ ತಪ್ಪಿದ ಒಬ್ಬರಿಂದ. ಊರಿನ ಉದ್ಯಾನದಲ್ಲಿ ಸಣ್ಣದೊಂದು ತಾರಾಲಯವಿದೆ. ಅದನ್ನು ನೋಡಿಕೊಳ್ಳುವ ಮೇಷ್ಟ್ರು ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಆಸ್ಪತ್ರೆಗೆ ಬಂದವರು ನೆಲಮಾಳಿಗೆಗೆ ಇಳಿದುಬಿಟ್ಟಿದ್ದರು. ಏಣಿಯ ಮೇಲಿದ್ದ ಚಿಕ್ಕಮ್ಮ, "ನೀಲಿ ಹಿಡ್ಕೊಂಡು ಹೋಗಿ ಸಾರ್, ಲ್ಯಾಬು ಸಿಗುತ್ತೆ. ಕೆಂಪು ಹಿಡಿದ್ರೆ ಅಡುಗೆಮನೆ, ಅಲ್ಲಿ ಇಡ್ಲಿ ಕೊಡಲ್ಲ, ಪಾತ್ರೆ ತೊಳಿಸ್ತಾರೆ" ಅಂದಳಂತೆ. ಮೇಷ್ಟ್ರು ಹೋಗಲಿಲ್ಲ. ನಿಂತು ಪೈಪುಗಳ ಮೇಲಿನ ಬಣ್ಣದ ಅಂಚುಗಳನ್ನು ನೋಡಿದರು. ಕೆಂಪಿಗೂ ನೀಲಿಗೂ ನಡುವೆ ಕೂದಲೆಳೆಯಷ್ಟೂ ಸೊಟ್ಟಗಿಲ್ಲದ ಗೆರೆ.

ತಾರಾಲಯದ ಗುಮ್ಮಟದ ಸುತ್ತ ಒಂದು ಓಣಿಯಿದೆ. ಪ್ರದರ್ಶನಕ್ಕೆ ಮುಂಚೆ ಮಕ್ಕಳು ಸಾಲಾಗಿ ಕಾಯುವುದು ಅಲ್ಲಿ. ಅದರ ಒಳಗೋಡೆಯ ಮೇಲೆ ಮೇಷ್ಟ್ರು ದಾರ ಕಟ್ಟಿದ ಪೆನ್ಸಿಲಿನಿಂದ ಏಳು ವೃತ್ತ ಎಳೆದುಕೊಟ್ಟರು. ಮೊದಲನೆಯದು ಆಳೆತ್ತರ, ಕೊನೆಯದು ಊಟದ ತಟ್ಟೆಯಷ್ಟು.

"ನಕ್ಷತ್ರಗಳಲ್ಲಿ ಏಳು ವರ್ಗ ಅಮ್ಮ" ಅಂದರು. "ಬಿಸಿ ಎಷ್ಟು ಅನ್ನೋದರ ಮೇಲೆ ವರ್ಗ. ಈ ದೊಡ್ಡದರ ತುದೀಲಿ ಅತಿ ಬಿಸಿ, ಆ ಚಿಕ್ಕದರ ತುದೀಲಿ ಎಲ್ಲಕ್ಕಿಂತ ತಣ್ಣಗಿರೋದು. ನಮ್ಮ ಸೂರ್ಯ ಐದನೇದು."

"ಐದನೇ ಕ್ಲಾಸಾ? ಪಾಪ. ಅಷ್ಟು ಉರಿದೂ?"

ಮೇಷ್ಟ್ರು ನಕ್ಕರು. "ಬಣ್ಣ ಗೊತ್ತಲ್ಲ? ಬಿಸಿಗೆ ತಕ್ಕ ಹಾಗೆ ಹಚ್ಚಿ" ಎಂದು ಹೇಳಿ, ಮೊಮ್ಮಗಳನ್ನು ನೋಡಲು ಮಗಳ ಮನೆಗೆ ಹೋದರು.

ಬಿಸಿಗೆ ತಕ್ಕ ಬಣ್ಣ ಯಾವುದೆಂದು ಚಿಕ್ಕಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ದಿನಗಳಲ್ಲಿ ಅವಳು ಬೇರೆಯೇ ಆಗಿದ್ದಳು. ದಿನವೂ ಕಾಲೇಜು ಮುಗಿದ ಮೇಲೆ ಏಣಿ ಹಿಡಿಯಲು ನಾನು ಹೋಗುತ್ತಿದ್ದೆ. ಗುಮ್ಮಟದೊಳಗೆ ಯಾರೂ ಇರುತ್ತಿರಲಿಲ್ಲ. ಎಣ್ಣೆಬಣ್ಣದ ವಾಸನೆ, ಎತ್ತರದ ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಧೂಳು ತೇಲುವುದು, ಅವಳ ಬ್ರಷ್ಷು ಗೋಡೆಗೆ ಏನೋ ಪಿಸುಗುಟ್ಟುವುದು. ದೊಡ್ಡ ವೃತ್ತಕ್ಕೆ ಅವಳು ಕೆಂಪಿನ ಮೇಲೆ ಕೆಂಪು ಹಚ್ಚಿದಳು. ಅಂಚಿನಲ್ಲಿ ಕಡುಗೆಂಪು, ನಡುವೆ ಕಿತ್ತಳೆಗೆ ತಿರುಗುವ ಕೆಂಪು. ಅದರ ಮುಂದೆ ನಿಂತರೆ ಕೆನ್ನೆ ಬಿಸಿಯಾದಂತೆ ಅನಿಸುತ್ತಿತ್ತು. ಅಲ್ಲಿಂದ ಕಿತ್ತಳೆ, ಹಳದಿ, ಕೆನೆಬಿಳಿ ಎನ್ನುತ್ತ ಇಳಿದು ಇಳಿದು ಕೊನೆಯ ತಟ್ಟೆ ನೀಲಿ. ಆ ನೀಲಿಗೆ ಅವಳು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟಳು. ಬಿಳಿ ಬೆರೆಸಿ, ಒಣಗಲು ಬಿಟ್ಟು, ಮತ್ತೆ ಬೆರೆಸಿ. ಕೊನೆಗೆ ಅದು ಬಳಿದ ಬಣ್ಣದಂತೆ ಕಾಣಲಿಲ್ಲ. ಗೋಡೆಯ ಆಚೆಗೆ ಮುಂಜಾವು ನಿಂತಿದ್ದು, ಆ ತೂತಿನಿಂದ ಇಣುಕಿದಂತಿತ್ತು.

ಮೇಷ್ಟ್ರು ಬಂದರು. ಓಣಿಗೆ ಕಾಲಿಟ್ಟವರು ಅಲ್ಲಿಯೇ ನಿಂತರು. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಯಾರೋ ನಿಂತು ನೋಡುತ್ತಿದ್ದರು, ಕೊನೆಗೂ.

"ಅಮ್ಮಾ" ಅಂದರು ಮೇಷ್ಟ್ರು ಮೆಲ್ಲಗೆ. "ಇದು ತಿರುಗುಮುರುಗಾಗಿದೆ."

"ಯಾವುದು?"

"ಎಲ್ಲವೂ. ಅತಿ ಬಿಸಿ ಇರೋ ನಕ್ಷತ್ರ ನೀಲಿ. ತಣ್ಣಗಿರೋದು ಕೆಂಪು."

"ಬಿಸಿ ಕೆಂಪಲ್ವಾ ಸಾರ್? ಕೆಂಡ ಕೆಂಪಗಿರಲ್ವಾ?"

"ಕೆಂಡ ಕೆಂಪು, ಸರಿ. ಅದನ್ನ ಇನ್ನೂ ಕಾಯಿಸಿದ್ರೆ ಹಳದಿ. ಇನ್ನೂ ಕಾಯಿಸಿದ್ರೆ ಬಿಳಿ. ಅದಕ್ಕೂ ಮೇಲೆ ನೀಲಿ. ಅಷ್ಟು ಕಾಯಿಸೋಕೆ ನಮ್ಮ ಒಲೆ ಕೈಲಿ ಆಗಲ್ಲ, ನಕ್ಷತ್ರಕ್ಕೇ ಆಗ್ಬೇಕು. ಕೆಂಪು ಅಂದ್ರೆ ಬಿಸಿ ಅಂತ ನಾವು ನಲ್ಲಿಗೆ ಇಟ್ಕೊಂಡ ಗುರುತು, ಅಷ್ಟೆ." ಅವರು ಕನ್ನಡಕ ತೆಗೆದು ಒರೆಸಿದರು. "ತಪ್ಪು ನಂದು. ಬಾಯಿಬಿಟ್ಟು ಹೇಳ್ಬೇಕಿತ್ತು. ಮುಂದಿನ ವಾರ ಶಾಲೆ ಮಕ್ಕಳು ಬರ್ತಾರೆ. ನಾಳೆ ಸುಣ್ಣ ಹೊಡೆಸಿಬಿಡ್ತೀನಿ. ಆಮೇಲೆ ಚಿತ್ರಕಲೆ ಕಾಲೇಜಿನ ಹುಡುಗ್ರು ಬರ್ತಾರಂತೆ. ನಿಮಗೆ ಯಾಕೆ ಮತ್ತೆ ಕಷ್ಟ."

ಚಿಕ್ಕಮ್ಮ ಬ್ರಷ್ಷುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿದಳು. ದಾರಿಯಲ್ಲಿ ಒಂದೇ ಮಾತು, "ಬಣ್ಣ ತಪ್ಪಿದೆ." ಅದೇ ದನಿ. ಈ ಸಲ ತನಗೆ.

ಮನೆಯಲ್ಲಿ ಅಮ್ಮ ವಿಷಯ ಕೇಳಿ ಕೂತಲ್ಲಿಂದಲೇ ಅಂದಳು, "ನಿನ್ನ ಕೈಗೆ ಆಕಾಶ ಕೊಟ್ರೂ ಅದಕ್ಕೊಂದು ನಲ್ಲಿ ಜೋಡಿಸ್ತೀಯ ಕಣೇ." ಹೇಳಿದ ಮೇಲೆ ತಂಗಿಯ ಮುಖ ನೋಡಿ, ಎದ್ದು ಹೋಗಿ ಚಹಾಕ್ಕೆ ನೀರಿಟ್ಟಳು. ಚಿಕ್ಕಮ್ಮ ಒಲೆಯ ಬಳಿ ನಿಂತು ಗ್ಯಾಸಿನ ಉರಿಯನ್ನು ನೋಡುತ್ತಿದ್ದಳು. ಅದು ನೀಲಿಯಾಗಿತ್ತು. ದಿನವೂ ನೀಲಿಯೇ ಇತ್ತು. ಚಹಾ ಮುಟ್ಟದೆ, ಬಣ್ಣದ ಚೀಲ ಎತ್ತಿಕೊಂಡು ಚಪ್ಪಲಿ ಹಾಕಿಕೊಂಡಳು. "ನಾನು ಕಣ್ಣಾರೆ ನೋಡ್ಬೇಕು" ಅಂದಳು.

ಚಳಿಗಾಲದ ದಿನ, ಬೇಗ ಕತ್ತಲಾಗುತ್ತಿತ್ತು. ನಾವು ಹೋಗುವಾಗ ಮೇಷ್ಟ್ರು ತಾರಾಲಯದ ತಾರಸಿಯಲ್ಲಿ ದುರ್ಬೀನಿನ ಹೊದಿಕೆ ತೆಗೆಯುತ್ತಿದ್ದರು. ಕೆಳಗೆ ಉದ್ಯಾನದ ದೀಪಗಳು, ಮೇಲೆ ಆಗಷ್ಟೇ ಕಣ್ಣು ಬಿಡುತ್ತಿದ್ದ ಆಕಾಶ. ಚಿಕ್ಕಮ್ಮನನ್ನು ಕಂಡು ಅವರಿಗೆ ಮುಜುಗರವಾಯಿತು.

"ಜಗಳಕ್ಕೆ ಬಂದಿಲ್ಲ ಸಾರ್. ತೋರಿಸಿ."

ಅವರು ತೋರಿಸಿದರು. ನೆತ್ತಿಯ ಹತ್ತಿರ ರೋಹಿಣಿ. ಚಿಕ್ಕಮ್ಮ ದುರ್ಬೀನಿಗೆ ಕಣ್ಣಿಟ್ಟಳು. ಕೆಂಪು ಬೆರೆತ ಕಿತ್ತಳೆ, ಆರುತ್ತಿರುವ ಒಲೆಯ ಹಾಗೆ. ಆಮೇಲೆ ಮೂಡಣದಲ್ಲಿ ಲುಬ್ಧಕ, ನಕ್ಷತ್ರಗಳಲ್ಲೆಲ್ಲ ಹೆಚ್ಚು ಹೊಳೆಯುವುದು. ಬಿಳಿಯೊಳಗೆ ನೀಲಿ, ನೀಲಿಯೊಳಗೆ ಬಿಳಿ, ನಿಲ್ಲದೆ ನಡುಗುವ ಬೆಳಕು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ" ಅಂದಳು ದುರ್ಬೀನಿನಿಂದ ಕಣ್ಣು ತೆಗೆದು. "ಕೆಂಪಗಿರೋದೆಲ್ಲ ಬೆಂಕಿ ಅಲ್ಲ ಅಂತ ಯಾರೂ ಹೇಳ್ಲಿಲ್ಲ ನೋಡಿ."

ಮೇಷ್ಟ್ರಿಗೆ ಹುರುಪು ಬಂತು. ತಾರಸಿಯ ಕಟ್ಟೆಯ ಮೇಲೆ ಕೂತು ಹೇಳತೊಡಗಿದರು. ನಕ್ಷತ್ರ ಹುಟ್ಟುವುದು ಅನಿಲ, ಧೂಳುಗಳ ಮೋಡ ತನ್ನ ಭಾರಕ್ಕೆ ತಾನೇ ಕುಸಿದು. ದೊಡ್ಡದಾಗಿ ಹುಟ್ಟಿದ್ದು ನೀಲಿಯಾಗಿ ಉರಿಯುತ್ತದೆ, ಬೇಗ ತೀರಿಹೋಗುತ್ತದೆ. ಚಿಕ್ಕದಾಗಿ ಹುಟ್ಟಿದ್ದು ಕೆಂಪಗೆ, ಜೋಪಾನವಾಗಿ, ಉರಿದೂ ಉರಿಯದ ಹಾಗೆ ಬದುಕುತ್ತದೆ. ಅಂಥ ಪುಟ್ಟ ಕೆಂಪು ನಕ್ಷತ್ರಗಳಲ್ಲಿ ಒಂದೂ ಈವರೆಗೆ ಮುಪ್ಪಿನಿಂದ ಸತ್ತಿಲ್ಲ.

"ಒಂದೂ?"

"ಒಂದೂ ಇಲ್ಲ. ಅವು ಸಾಯುವಷ್ಟು ಲೋಕಕ್ಕೇ ಇನ್ನೂ ವಯಸ್ಸಾಗಿಲ್ಲ."

ಚಿಕ್ಕಮ್ಮ ಕತ್ತಲೆಯಲ್ಲಿ ಸುಮ್ಮನೆ ತಲೆಯಾಡಿಸಿದಳು. ಆ ಮಾತು ಅವಳಿಗೆ ಹಿಡಿಸಿತೆಂದು ಗೊತ್ತಾಯಿತು. "ಮತ್ತೆ ರೋಹಿಣಿ? ಅದು ಚಿಕ್ಕದಾ?"

"ಅಯ್ಯೋ ಇಲ್ಲ, ಅದು ಮುದುಕಿ. ಒಳಗಿನ ಉರುವಲು ಮುಗೀತಾ ಬಂದಾಗ ಸೂರ್ಯನಂಥ ನಕ್ಷತ್ರ ಊದಿಕೊಳ್ಳುತ್ತೆ. ಊದಿಕೊಂಡ ಹಾಗೆ ಮೈ ತಣ್ಣಗಾಗುತ್ತೆ, ತಣ್ಣಗಾದ ಹಾಗೆ ಕೆಂಪಾಗುತ್ತೆ. ಕೆಂಪು ದೈತ್ಯ ಅಂತೀವಿ. ನಮ್ಮ ಸೂರ್ಯಂದೂ ಒಂದಿನ ಅದೇ ಗತಿ."

"ಆಮೇಲೆ?"

"ಆಮೇಲೆ ಹೊರಗಿನ ಪದರಗಳನ್ನ ಹೊಗೆ ಬಿಟ್ಟ ಹಾಗೆ ಬಿಟ್ಟುಬಿಡುತ್ತೆ. ಬಿಡ್ತಾ ಬಿಡ್ತಾ ಸಣ್ಣದಾಗುತ್ತೆ. ಒಳಗಿನ ಬಿಸಿ ಹೊರಗೆ ಕಾಣುತ್ತೆ. ಕಿತ್ತಳೆ ಆಗುತ್ತೆ, ಹಳದಿ, ಬಿಳಿ. ಕೊನೆಗೆ ಉಳಿಯೋದು ಭೂಮಿಯಷ್ಟು ಪುಟ್ಟ ಕೆಂಡ. ಶ್ವೇತಕುಬ್ಜ. ಈ ಲುಬ್ಧಕನ ಪಕ್ಕದಲ್ಲೇ ಅಂಥದ್ದೊಂದಿದೆ. ನಮ್ಮ ದುರ್ಬೀನಿಗೆ ಕಾಣಲ್ಲ."

"ಅದರ ಬಣ್ಣ?"

"ಹೆಸರಿಗೆ ಬಿಳಿ. ಹೊಸದರಲ್ಲಿ ನೀಲಿ ಛಾಯೆ ಇರುತ್ತೆ."

ಚಿಕ್ಕಮ್ಮ ಮತ್ತೆ ದುರ್ಬೀನಿಗೆ ಕಣ್ಣಿಟ್ಟು, ಕಾಣುವುದಿಲ್ಲ ಎಂದದ್ದನ್ನೇ ಬಹಳ ಹೊತ್ತು ನೋಡಿದಳು. ಕಣ್ಣು ತೆಗೆಯದೆಯೇ ಕೇಳಿದಳು, "ದೊಡ್ಡದು ಕೆಂಪು. ಆಮೇಲೆ ಚಿಕ್ಕದಾಗ್ತಾ ಕಿತ್ತಳೆ, ಹಳದಿ, ಬಿಳಿ. ಕೊನೇಲಿ ಎಲ್ಲಕ್ಕಿಂತ ಚಿಕ್ಕದು ನೀಲಿ. ಅಲ್ವಾ ಸಾರ್?"

"ಹೂಂ."

"ಅದು ಕೆಳಗಡೆ ಗೋಡೆ ಮೇಲಿದೆ."

ಮೇಷ್ಟ್ರು ಕಟ್ಟೆಯಿಂದ ಇಳಿದು, ಟಾರ್ಚು ಹುಡುಕಿ, ಮೆಟ್ಟಿಲಿಳಿದರು. ನಾವು ಹಿಂದೆ. ಓಣಿಯಲ್ಲಿ ಟಾರ್ಚಿನ ಬೆಳಕು ದೊಡ್ಡ ಕೆಂಪಿನಿಂದ ಶುರುವಾಗಿ ಒಂದೊಂದೇ ವೃತ್ತ ದಾಟುತ್ತ ಹೋಯಿತು. ನೀಲಿ ತಟ್ಟೆಯ ಮೇಲೆ ನಿಂತಿತು. ಮತ್ತೆ ಮೊದಲಿಗೆ ಬಂತು.

"ಇದು ಏಳು ವರ್ಗ ಅಲ್ಲ" ಅಂದರು ತಮಗೆ ತಾವೇ. "ಇದು ಒಂದೇ ನಕ್ಷತ್ರದ ಮುಪ್ಪು."

"ಸುಣ್ಣ?" ಅಂದಳು ಚಿಕ್ಕಮ್ಮ. ಆ ಒಂದು ಮಾತು ಹೊರಬರಲು ಅವಳು ಪಟ್ಟ ಪಾಡು ನನಗೆ ಏಣಿಯ ಪಕ್ಕದಿಂದಲೇ ಕೇಳಿಸಿತು.

ಮೇಷ್ಟ್ರು ಟಾರ್ಚನ್ನು ದೊಡ್ಡ ವೃತ್ತದ ಮೇಲೆ ಹಿಡಿದರು. "ನಿಮ್ಮ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳಲ್ಲ. ಹೀಗೇ ಬಿಟ್ರೂ ತಪ್ಪೇ. ಈ ಕೆಂಪು ಸಾಲದು, ಸೂರು ಮುಟ್ಟಬೇಕು. ಈ ನೀಲಿ ತಟ್ಟೆಯಷ್ಟಿದೆ. ಕೆಂಪು ಇಷ್ಟಿದ್ರೆ ಇದು ಧೂಳಿನ ಕಣಕ್ಕಿಂತಲೂ ಚಿಕ್ಕದಿರಬೇಕು. ಕಣ್ಣಿಗೆ ಕಾಣಲಿ ಅಂತ ಸಾಸಿವೆ ಕಾಳಷ್ಟು ಇಡಬಹುದು. ಅದಕ್ಕಿಂತ ದೊಡ್ಡದಾದ್ರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ."

ನೀಲಿ ತಟ್ಟೆಯ ಮುಂದೆ ಚಿಕ್ಕಮ್ಮ ನಿಂತಳು. ಅವಳ ಕೈಯಿಂದ ಅಂಥದ್ದೊಂದು ಮೊದಲು ಬಂದದ್ದಿಲ್ಲ. ಅಂಗೈಯನ್ನು ಮೆಲ್ಲಗೆ ಅದರ ಮೇಲಿಟ್ಟಳು, ಮಗುವಿನ ಜ್ವರ ನೋಡುವಂತೆ. ಆಮೇಲೆ ಚೀಲದಿಂದ ಬಣ್ಣ ಕೆರೆಯುವ ತಗಡಿನ ಪಟ್ಟಿ ತೆಗೆದಳು. ಕೆರೆಯುವ ಸದ್ದು ಖಾಲಿ ಓಣಿಯಲ್ಲಿ ಸುತ್ತು ಹೊಡೆಯಿತು. ನೀಲಿ ಪುಡಿ ಅವಳ ಪಾದದ ಮೇಲೆ ಉದುರಿತು. ನಡುವಿನಲ್ಲಿ ಸಾಸಿವೆಯಷ್ಟನ್ನು ಮಾತ್ರ ಬಿಟ್ಟು ಕೈ ತೆಗೆದಳು. ವಿಚಿತ್ರವೆಂದರೆ, ಅಷ್ಟೇ ಉಳಿದದ್ದು ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ಸುತ್ತ ಬರಿ ಗೋಡೆ. ನಾವು ಮೂವರೂ ಆ ಚುಕ್ಕಿಯನ್ನು ನಿಂತು ನೋಡಿದೆವು.

"ಇದು ಹೀಗೇ ಇರುತ್ತಾ ಸಾರ್?"

"ನಿಧಾನವಾಗಿ ಆರುತ್ತೆ. ತುಂಬಾ ನಿಧಾನವಾಗಿ. ಅವಸರ ಅನ್ನೋದು ಅದಕ್ಕೆ ಮುಗಿದುಹೋಗಿರುತ್ತೆ."

ಚಿಕ್ಕಮ್ಮ ತಗಡಿನ ಪಟ್ಟಿ ಒರೆಸಿ ಚೀಲಕ್ಕೆ ಹಾಕಿದಳು. ತಿರುಗಿ ಎದುರಿನ ಗೋಡೆಯನ್ನು ನೋಡಿದಳು. ಅದಕ್ಕೆ ಯಾವ ಕಾಲದಲ್ಲೋ ಹೊಡೆದ ಹಳೇ ಬಣ್ಣ, ಅಲ್ಲಲ್ಲಿ ಮಕ್ಕಳ ಕೈಗುರುತು.

"ನಾಳೆ ಸುಣ್ಣದವನು ಬರ್ತಾನಲ್ಲ, ಬರ್ಲಿ. ಅವನಿಗೆ ಆ ಗೋಡೆ ಕೊಡಿ."

"ಅದಕ್ಕೆ ಯಾಕೆ?"

"ಮುಪ್ಪೊಂದೇ ತೋರಿಸಿದ್ರೆ ಮಕ್ಕಳು ಹೆದರ್ತವೆ. ನಿಮ್ಮ ಏಳು ಕ್ಲಾಸು ಅಲ್ಲಿ ಕೂರ್ಲಿ. ಈ ಸಲ ದೊಡ್ಡದು ನೀಲಿ, ಚಿಕ್ಕದು ಕೆಂಪು, ಸರೀನಾ?"

"ಸರಿ" ಅಂದರು ಮೇಷ್ಟ್ರು. "ಆದ್ರೆ ಚಿತ್ರಕಲೆ ಕಾಲೇಜಿನ ಹುಡುಗ್ರಿಗೆ ನಾನು ಮಾತು ಕೊಟ್ಟುಬಿಟ್ಟಿದ್ದೀನಲ್ಲಮ್ಮ. ಅವರಿಗೆ ಏನಂತ ಹೇಳ್ಲಿ?"

"ಏಣಿ ಹಿಡಿಯೋಕೆ ಬರ್ಲಿ. ಈ ಹುಡುಗಿಗೆ ಪರೀಕ್ಷೆ ಹತ್ರ ಬಂತು." ಏಣಿಯನ್ನು ಹೆಗಲಿಗೇರಿಸಿ ಅವಳಾಗಲೇ ಓಣಿಯ ತಿರುವಿನ ಕಡೆ ಹೊರಟಿದ್ದಳು. ಕತ್ತಲೆಯಿಂದ ದನಿ ಮಾತ್ರ ಬರುತ್ತಿತ್ತು. "ಮೊದಲು ಈ ಕೆಂಪನ್ನ ಸೂರಿಗೆ ಹತ್ತಿಸ್ಬೇಕು, ಅದಕ್ಕೆ ಉದ್ದದ ಏಣಿ ಬೇಕು, ಆಸ್ಪತ್ರೇಲಿದೆ, ಕೇಳಿದ್ರೆ ಇಲ್ಲ ಅನ್ನಲ್ಲ, ಆಮೇಲೆ ಆ ಗೋಡೆಯ ದೊಡ್ಡ ನೀಲಿಗೆ ನಾನು ಬಿಳಿ ಎಷ್ಟು ಬೆರೆಸ್ತೀನಿ ಅಂದ್ರೆ, ಮೊದಲು ಒಂದು ಕೈ ತೆಳ್ಳಗೆ ಕೊಟ್ಟು, ಅದು ಪೂರ್ತಿ ಒಣಗೋಕೆ ಮುಂಚೆ..."