ಕಾಲು ಕಡಿಯೂದು ಪುಕ್ಕಟ

ನಮ್ಮಕ್ಕ ಕೋಥರೂಡ್ ಬಡಾವಣಿಯ ಎರಡು ಖೋಲಿ ಮನ್ಯಾಗ ಹೋಳಿಗಿ ಮಾಡಿ ಸುತ್ತಲ ಅಪಾರ್ಟ್‌ಮೆಂಟ್ ಸೊಸೈಟಿಯವರಿಗೆ ಮಾರ್ತಿದ್ಲು. ಅಡಿಗಿಮನಿಯೊಳಗ ಚಪ್ಪಲ್ ಬಂದ್ರ ಅನ್ನಪೂರ್ಣಿ ಎದ್ದು ಹೋಗ್ತಾಳ ಅನ್ನೂಕಿ. ಶುಗರ್ ಬಂದು ಅಂಗಾಲು ಜೋಮು ಹಿಡಿದಿತ್ತು. ಮನ್ಯಾಗೂ ಮೆತ್ತನ್ನ ಚಪ್ಪಲ್ ಹಾಕ್ಕೋರಿ ಅಂತ ಡಾಕ್ಟರು ಹೇಳಿದ್ರು. "ಆತ್ರಿ" ಅಂದು ಬಂದು, ಬರಿಗಾಲಿಲೇ ಒಲಿ ಮುಂದ ನಿಂತ್ಲು. ನಾ ಒದರಿದ್ರ, "ನೀ ಸಣ್ಣಾಕಿ, ಸುಮ್ನಿರು" ಅಂತಿದ್ಲು.

ಗೌರಿ ಹಬ್ಬದ ಗದ್ದಲದಾಗ ಹೋಳಿಗಿ ಹೊರಳಸೂ ಕಾದ ಸಟ್ಟುಗ ಕೆಳಗ ಬಿತ್ತು. ಅಕ್ಕ ಅದನ್ನ ತುಳಿದ್ಲು. ತುಳಿದದ್ದು ಆಕಿಗೆ ಗೊತ್ತೇ ಆಗ್ಲಿಲ್ಲ. ಗುಳ್ಳಿ ಒಡದು ಹುಣ್ಣಾದ ಮ್ಯಾಲೆ ನಾನೇ ನೋಡಿ, ಸ್ಕೂಟರ್ ಮ್ಯಾಲೆ ಕೂಡಿಸ್ಕೊಂಡು ದವಾಖಾನಿಗೆ ಒಯ್ದೆ. ಸರಕಾರದ ವಿಮಾ ಕಾರ್ಡು ಕೈಯಾಗಿತ್ತು.

ಕೌಂಟರಿನ ಹುಡುಗಿ ಮರಾಠಿಯೊಳಗ ಹೇಳಿದ್ಲು: ಅಡ್ಮಿಟ್ ಆದ್ರ ಮಾತ್ರ ಕಾರ್ಡ್ ನಡೀತದ, ದಿನಾ ಡ್ರೆಸ್ಸಿಂಗು, ಗುಳಿಗಿ ಎಲ್ಲಾ ನಿಮ್ಮದು. ನನಗ ಸಿಟ್ಟು ಬಂತು. ಅಕ್ಕನ ಮಾರಿ ಮಾತ್ರ ಅರಳಿತು. "ಅಡ್ಮಿಟ್ ಆಗೂವಷ್ಟು ಆಗಿಲ್ಲಂದ್ರ ಭಾಳೇನಿಲ್ಲ ಬಿಡು. ಸರಕಾರದವರಿಗೆ ತಿಳಿಯೂದಿಲ್ಲೇನ?" ಅಂದ್ಲು. ಕಾರ್ಡ್ ನಡಿಯೂದಿಲ್ಲ ಅಂದದ್ದನ್ನ ಆಕಿ ಡಾಕ್ಟರ ಮಾತು ಅಂತ ತಿಳಕೊಂಡ್ಲು. ಡ್ರೆಸ್ಸಿಂಗ್ ನಾ ಮಾಡಸ್ತೀನಿ ಅಂದೆ. ತಂಗಿಗೆ ಕೊಡಬೇಕು, ತಂಗಿ ಕಡೆ ಇಸ್ಕೋಬಾರ್ದು ಅಂದು ಬಾಯಿ ಮುಚ್ಚಿಸಿದ್ಲು. ಮನಿಗೆ ಬಂದು ತುಪ್ಪದಾಗ ಅರಿಷಿಣ ಕಲಸಿ ಹಚ್ಕೊಂಡ್ಲು. ಮತ್ತ ಒಲಿ ಮುಂದ ನಿಂತ್ಲು.

ದಸರಾ ಬರೂದ್ರೊಳಗ ಕಾಲಬೆರಳು ಕಪ್ಪಾದ್ವು, ಚಳಿಜ್ವರ ಬಂತು. ಈಗ ಕಾರ್ಡ್ ನಡೀತು, ಹ್ಯಾಂಗ ನಡೀತು! ಹಾಸಿಗಿ, ಆಪರೇಷನ್, ಊಟ, ಎಲ್ಲಾ ಪುಕ್ಕಟ. ಮೊಣಕಾಲಿನ ಕೆಳಗ ಕಡದ್ರು. ಉಗುರಿನಾಗ ಹೋಗೂದಕ್ಕ ಕೊಡ್ಲಿ ತೊಗೊಂಡ್ರು.

ಈ ಯೋಜನಾ ಮಾಡಿದವರು ಶಾಣ್ಯಾರೇ ಇದ್ದಾರು. ಆದ್ರ ಮನಷ್ಯಾ ಹಾಸಿಗಿ ಹಿಡಿಯೂ ತನಕ ಅವರ ಕಣ್ಣಿಗೆ ಬೀಳೂದಿಲ್ಲ. ಶುಗರ್ ಬಂದ ದಿನದಿಂದ ಗುಳಿಗಿ ಕೊಟ್ಟು, ಯಾರರೆ ಮನಿಗೆ ಬಂದು ಅಂಗಾಲು ನೋಡಿ, ಆ ಅನ್ನಪೂರ್ಣಿ ಜೋಡಿ ಜಗಳಾಡಿ ಚಪ್ಪಲ್ ಹಾಕ್ಸಿದ್ರ ನಮ್ಮಕ್ಕ ಇವತ್ತು ನಡೀತಿದ್ಲು.

ಮನಿಗೆ ಬಿಡೂ ದಿನ ದವಾಖಾನಿಯವರು ಫೋಟೋ ತೆಗೀಲಿಕ್ಕೆ ಬಂದ್ರು. ಯೋಜನಾದ ಲಾಭ ಆದವರದು ಬೇಕಂತ. ನಾ ಬ್ಯಾಡ ಅಂದೆ. ಅಕ್ಕ ನನ್ನ ಕೈ ಸರಿಸಿ, ಚಾದರ ಎಳಕೊಂಡು ಮೋಟುಗಾಲು ಮುಚ್ಚಿದ್ಲು. ಸೆರಗು ಸರಿ ಮಾಡ್ಕೊಂಡು ನಕ್ಕು, "ಒಂದು ರೂಪಾಯಿ ತೊಗೋಲಿಲ್ಲ, ಭಾಳ ಉಪಕಾರ ಆತ್ರಿ" ಅಂತ ಅವರಿಗೆ ಕೈ ಮುಗಿದ್ಲು.