ದೊಡ್ಡಮ್ಮ ಕ್ಯಾಸೆಟ್ ಪರೀಕ್ಷಿಸಿದ್ದು

ದೊಡ್ಡಮ್ಮನ ಹೊಸ ಕನ್ನಡಕ ತರಲು ರಿಪ್ಪನ್‌ಪೇಟೆಯಿಂದ ಸಾಗರಕ್ಕೆ ಹೋಗಿದ್ದೆವು. ಚಿಕ್ಕಂದಿನಲ್ಲಿ ಅರ್ಧ ನೋಡಿ ಎದ್ದು ಬಂದಿದ್ದ ರಾಜರ ಕಾಲದ ಸಿನಿಮಾವೊಂದನ್ನು ಪೂರ್ತಿ ನೋಡುವ ಆಸೆ ಅವಳಿಗೆ. ಅದು ಮತ್ತೆ ಯಾವ ಟಾಕೀಸಿಗೂ ಬಂದಿರಲಿಲ್ಲ. ಈಗ ವಿಡಿಯೊ ಅಂಗಡಿಯೊಂದರಲ್ಲಿ ಅದರ ಕ್ಯಾಸೆಟ್ ಕಣ್ಣಿಗೆ ಬಿತ್ತು.

“ಹೊರ ತಾಲ್ಲೂಕಿನವರಿಗೆ ಬಾಡಿಗೆಗೆ ಕೊಡಲ್ಲ,” ಎಂದ ಅಂಗಡಿಯವನು, ನಮ್ಮ ಊರು ಕೇಳಿ. ನಾನು ರೇಗಿದೆ, ಅವನು ಜಗ್ಗಲಿಲ್ಲ.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಗೋಡೆಯ ಬೋರ್ಡು ಓದಿದಳು: ‘ಕ್ಯಾಸೆಟ್ ಇಲ್ಲೇ ಪರೀಕ್ಷಿಸಿ ಒಯ್ಯಿರಿ.’

“ಪರೀಕ್ಷೆ ಮಾಡೋಕೆ ತಾಲ್ಲೂಕು ಕೇಳಿಲ್ವಲ್ಲ. ಹಾಕಪ್ಪ.”

ಅವನು ನಕ್ಕು ಅಂಗಡಿಯ ಟೀವಿಯಲ್ಲಿ ಹಾಕಿದ. ಹತ್ತು ನಿಮಿಷವಾದ ಮೇಲೆ, “ಸಾಕಾ ಅಮ್ಮ?” ಎಂದ.

“ಕೊನೇಲಿ ಹಾಳಾಗಿದ್ರೆ?”

ಯುದ್ಧದ ಹೊತ್ತಿಗೆ ಅವನೂ ಸ್ಟೂಲ್ ಎಳೆದುಕೊಂಡು ಕೂತಿದ್ದ. ಸಿನಿಮಾ ಮುಗಿದ ಮೇಲೆ ದೊಡ್ಡಮ್ಮ ಕನ್ನಡಕ ಮಡಚಿ ಎದ್ದಳು.

“ಕ್ಯಾಸೆಟ್ ಚೆನ್ನಾಗಿದೆ. ನಿಮ್ಮ ತಾಲ್ಲೂಕಿನವರಿಗೆ ಧೈರ್ಯವಾಗಿ ಕೊಡಪ್ಪ.”